ಎಂಟು ಕಿಟಕಿಗಳ ಹಾಳೆ

ಆಸ್ಪತ್ರೆಯಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಜನರ ಬಾಯಲ್ಲಿದ್ದದ್ದು ಟೇಪಣ್ಣ. ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವಳ ತನಕ ಎಲ್ಲರಿಗೂ ಟೇಪಣ್ಣ. ಸೊಂಟದ ಬೆಲ್ಟಿಗೆ ಅಂಗೈ ಅಗಲದ ಟೇಪಿನ ಸುರುಳಿಯೊಂದು ಸದಾ ನೇತಾಡುತ್ತಿತ್ತು. ಎಲ್ಲಾದರೂ ಗಾಳಿ ಸುಯ್ ಅಂದರೆ ಸಾಕು, ಮಾತಾಡುತ್ತಿದ್ದವನು ಮಾತನ್ನು ಅಲ್ಲಿಗೇ ಬಿಟ್ಟು, ಗೋಡೆ ತಡವುತ್ತ ಹೋಗಿ, ಸಂದಿ ಹುಡುಕಿ, ಟೇಪು ಬಡಿದು ಬರುತ್ತಿದ್ದ. ಬಂದು ಬಿಟ್ಟ ಕಡೆಯಿಂದಲೇ ಮಾತು ಮುಂದುವರಿಸುತ್ತಿದ್ದ. ಆ ಮಾತು ಹೆಚ್ಚಾಗಿ ಬೈಗುಳವೇ ಆಗಿರುತ್ತಿತ್ತು.

ಐವತ್ತೆರಡು ವಯಸ್ಸು. ಆಸ್ಪತ್ರೆಯ ಗಾಳಿ ಯಂತ್ರಗಳು ಅವನ ಪಾಲಿನವು. ನೆಲಮಹಡಿಯ ಹಿಂಭಾಗದ ಕೋಣೆಯಲ್ಲಿ ನಾಲ್ಕು ದೊಡ್ಡ ಯಂತ್ರಗಳು ಕೂತು ಹೊರಗಿನ ಗಾಳಿಯನ್ನು ಎಳೆದು, ಸೋಸಿ, ತಂಪು ಮಾಡಿ, ತಗಡಿನ ಕೊಳವೆಗಳ ಮೂಲಕ ಐದು ಮಹಡಿಗೂ ಹಂಚುತ್ತವೆ. ರೋಗಿ ಎಳೆಯುವ ಪ್ರತಿ ಉಸಿರೂ ಮೊದಲು ಟೇಪಣ್ಣನ ಕೋಣೆಯನ್ನು ಹಾದು ಬರಬೇಕು. ಇದು ಅವನಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ದರ್ದೂ ಇರಲಿಲ್ಲ. ಸೆಕೆ ಆದರೆ ಟೇಪಣ್ಣನನ್ನು ಬೈಯುವುದು, ಚಳಿ ಆದರೂ ಟೇಪಣ್ಣನನ್ನೇ ಬೈಯುವುದು, ಅಷ್ಟಕ್ಕೆ ಅವರ ತಿಳಿವಳಿಕೆ ಮುಗಿಯಿತು.

ಈ ಕೆಲಸಕ್ಕೆ ಅವನನ್ನು ಹಚ್ಚಿದವಳು ಅಕ್ಕ. ಅಪ್ಪ ಅಮ್ಮ ಬೇಗ ಹೋದರು. ಹನ್ನೆರಡು ವರ್ಷ ದೊಡ್ಡವಳಾದ ಅಕ್ಕ ಹತ್ತಿ ಗಿರಣಿಯಲ್ಲಿ ದುಡಿದು ತಮ್ಮನನ್ನು ಸಾಕಿದಳು. ಐದನೇ ತರಗತಿಯಲ್ಲಿ ಮೇಷ್ಟ್ರು ತಪ್ಪಿಲ್ಲದೆ ಹೊಡೆದರು ಅಂತ ಇವನು ಅವರ ಬೆತ್ತವನ್ನೇ ಎರಡು ತುಂಡು ಮಾಡಿ, ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು ಮನೆಗೆ ಬಂದುಬಿಟ್ಟ. ಅಕ್ಕ ಬೈಯಲಿಲ್ಲ. ಮರುದಿನ ಕಿವಿ ಹಿಡಿದು ತಗಡಿನ ಕೆಲಸದವನ ಅಂಗಡಿಗೆ ಎಳೆದುಕೊಂಡು ಹೋದಳು.

"ಇವನ ಸಿಟ್ಟು ಎಲ್ಲಾದ್ರೂ ಬಡೀಲೇಬೇಕು. ತಗಡಿಗೇ ಬಡೀಲಿ, ಇಟ್ಕೊಳ್ಳಿ" ಅಂದಳು.

ಆ ತಗಡಿನ ಗುರು ಒಂದೇ ಒಂದು ಮಾತನ್ನು ಹತ್ತು ವರ್ಷ ಹೇಳಿದ. "ಸೂಜಿ ತೂತು ನಿನಗೆ ಸಣ್ಣದು ಕಣೋ, ಗಾಳಿಗೆ ಅದೇ ಹೆಬ್ಬಾಗಿಲು." ಹುಡುಗ ಅದನ್ನು ಎದೆಯಲ್ಲಿಟ್ಟುಕೊಂಡ. ಆಸ್ಪತ್ರೆ ಕಟ್ಟುವಾಗ ಗಾಳಿ ಕೊಳವೆ ಜೋಡಿಸಲು ಬಂದವನು ಅಲ್ಲೇ ಉಳಿದ. ಅಷ್ಟು ಹೊತ್ತಿಗೆ ಅಕ್ಕನ ಎದೆಯಲ್ಲಿ ಬೇರೊಂದು ಉಳಿದುಕೊಂಡಿತ್ತು: ಗಿರಣಿಯ ಹತ್ತಿ ಧೂಳು. ಮೂವತ್ತು ವರ್ಷ ನುಂಗಿದ ಧೂಳು. ಈಗ ಎರಡು ವರ್ಷದಿಂದ ತಿಂಗಳಲ್ಲಿ ಹದಿನೈದು ದಿನ ಅವಳ ವಾಸ ಇದೇ ಆಸ್ಪತ್ರೆಯ ನೆಲಮಹಡಿಯಲ್ಲಿ, ಉಸಿರಿನ ವಾರ್ಡಿನಲ್ಲಿ, ಆರನೇ ಮಂಚದಲ್ಲಿ, ಮೂಗಿಗೆ ಆಮ್ಲಜನಕದ ನಳಿಗೆ ಹಚ್ಚಿಕೊಂಡು. ದೇಹ ಒಣಗಿ ಕಡ್ಡಿಯಾಗಿತ್ತು. ನಾಲಿಗೆ ಮಾತ್ರ ಇನ್ನೂ ಹಸಿಯಾಗಿತ್ತು.

"ಏನೋ, ಇವತ್ತು ಎಷ್ಟು ತೂತು ಮುಚ್ಚಿದೆ?" ಎಂದು ದಿನಾ ಕೇಳುವಳು.

"ಎಂಟು."

"ನಿನ್ನ ಬಾಯಿ ಒಂದು ಉಳೀತು ನೋಡು."

ಈ ತಮಾಷೆಯ ಹಿಂದೆ ಒಂದು ಭಯವಿತ್ತು. ಆಸ್ಪತ್ರೆಯ ಹಿಂದಿನ ಗೋಡೆಯಾಚೆ ಊರಿಗೆ ಕುಡಿಯುವ ನೀರು ಶುದ್ಧ ಮಾಡುವ ಜಾಗವಿದೆ. ಅಲ್ಲಿ ಮಲಗಿದ ಕೋಣದಷ್ಟು ದಪ್ಪದ ಉಕ್ಕಿನ ಸಿಲಿಂಡರುಗಳಲ್ಲಿ ಕ್ಲೋರಿನ್ ತುಂಬಿಟ್ಟಿರುತ್ತಾರೆ. ನೀರಿಗೆ ಹನಿಯಷ್ಟು ಬಿದ್ದರೆ ಅದು ಔಷಧಿ, ಸಿಲಿಂಡರಿನ ಬಾಯಿ ಕಿತ್ತುಕೊಂಡು ಹೊರಬಿದ್ದರೆ ಯಮ. ಹಳದಿ ಹೊಗೆಯಾಗಿ ನೆಲದ ಮೇಲೆ ತೆವಳಿಕೊಂಡು ಬರುತ್ತದೆ, ಎತ್ತರಕ್ಕೆ ಏಳುವುದಿಲ್ಲ, ತಗ್ಗು ಹುಡುಕಿಕೊಂಡು ಹರಿಯುತ್ತದೆ. ಚೆನ್ನಾಗಿರುವ ಎದೆಯನ್ನೇ ಸುಟ್ಟುಹಾಕುವ ಅದು ಅಕ್ಕನ ಎದೆಯನ್ನು ಏನು ಮಾಡೀತು ಎಂದು ಟೇಪಣ್ಣ ಯೋಚಿಸುತ್ತಲೇ ಇರಲಿಲ್ಲ; ಯೋಚನೆ ತಾನಾಗಿ ಬರುತ್ತಿತ್ತು.

ಎರಡು ವರ್ಷದ ಹಿಂದೆ ಒಂದು ದಿನ ತರಬೇತಿ ಕೊಡಲು ಹೊರಗಿನಿಂದ ಒಬ್ಬ ಮೇಡಂ ಬಂದಿದ್ದರು. ವಿಷಾನಿಲ ಸೋರಿದರೆ ಆಸ್ಪತ್ರೆ ಏನು ಮಾಡಬೇಕು ಎಂಬುದು ವಿಷಯ. ಸಭೆಯಲ್ಲಿದ್ದವರಲ್ಲಿ ಅರ್ಧ ಜನ ಫೋನು ನೋಡುತ್ತಿದ್ದರು, ಉಳಿದರ್ಧ ಊಟದ ಹೊತ್ತು ನೋಡುತ್ತಿದ್ದರು. ಟೇಪಣ್ಣ ಕೇಳುಗನಾಗಿ ಹೋದವನೇ ಅಲ್ಲ, ಸಭಾಂಗಣದ ಫ್ಯಾನು ಕಿರುಗುಡುತ್ತಿದೆ ಎಂದು ಏಣಿ ಹೊತ್ತು ಹೋಗಿದ್ದ. ಏಣಿಯ ಮೇಲೇ ನಿಂತು ಪೂರ್ತಿ ಕೇಳಿದ.

ಮೇಡಂ ಹೇಳಿದ್ದು ಸೀದಾ ಮಾತು. ಬೆಂಕಿ ಬಿದ್ದರೆ ಹೊರಗೆ ಓಡಿ. ಹೊರಗೇ ವಿಷ ಇದ್ದರೆ ಓಡಬೇಡಿ, ಮಂಚ ಬಿಟ್ಟು ಏಳಲಾರದವರನ್ನು ಬೀದಿಗೆ ಎಳೆಯಬೇಡಿ, ಇದ್ದಲ್ಲೇ ಇದ್ದು ಕಟ್ಟಡವನ್ನು ಡಬ್ಬಿಯ ಹಾಗೆ ಮುಚ್ಚಿ. ಮೊದಲು ಗಾಳಿ ಯಂತ್ರ ನಿಲ್ಲಿಸಿ, ಹೊರಗಾಳಿ ಎಳೆಯುವ ಬಾಯಿ ಮುಚ್ಚಿ, ಬಚ್ಚಲು ಅಡುಗೆಮನೆಯ ಫ್ಯಾನು ಆರಿಸಿ. ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ನಾಲ್ಕೂ ಅಂಚಿಗೆ ಟೇಪು ಹಚ್ಚಿ. ಬಾಗಿಲ ಕೆಳಗೆ ಒದ್ದೆ ಬಟ್ಟೆ ತುರುಕಿ. ನಡೆಯಬಲ್ಲವರನ್ನು ಮೇಲಿನ ಮಹಡಿಗೆ ಕಳಿಸಿ. ಅಪಾಯ ಕಳೆಯಿತು ಎಂದ ಕೂಡಲೇ ಎಲ್ಲ ತೆರೆದುಬಿಡಿ. ಹಾಳೆಗಳನ್ನು ಮೊದಲೇ ಅಳತೆಗೆ ಕತ್ತರಿಸಿ ಇಟ್ಟಿರಿ. ಗ್ಯಾಸ್ ಬಂದ ಮೇಲೆ ಕತ್ತರಿ ಹುಡುಕಬೇಡಿ.

ಕೊನೆಯ ಮಾತು ಟೇಪಣ್ಣನಿಗೆ ಗುರುವಿನ ಮಾತಿನ ಹಾಗೆ ಕೇಳಿಸಿತು. ಮೂರು ತಿಂಗಳು, ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ, ನೆಲಮಹಡಿ ಮತ್ತು ಮೊದಲ ಮಹಡಿಯ ಒಂದೊಂದು ಕಿಟಕಿಯನ್ನೂ ಅಳೆದ. ದಪ್ಪ ಪ್ಲಾಸ್ಟಿಕ್ಕನ್ನು ನಾಲ್ಕೂ ಕಡೆ ಗೇಣಗಲ ಹೆಚ್ಚಿಗೆ ಬಿಟ್ಟು ಕತ್ತರಿಸಿದ. ಗಾರೆಯವನು ಕಟ್ಟುವಾಗ ನಿದ್ದೆಗಣ್ಣಿನಲ್ಲಿದ್ದನೋ ಏನೋ, ಆ ಕಿಟಕಿಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಹಾಗಾಗಿ ಪ್ರತಿ ಹಾಳೆಯ ಮೂಲೆಯಲ್ಲಿ ತನ್ನ ಸೊಟ್ಟ ಅಕ್ಷರದಲ್ಲಿ ಬರೆದ: ಉಸಿರು ವಾರ್ಡು ಕಿಟಕಿ ಒಂದು, ಉಸಿರು ವಾರ್ಡು ಕಿಟಕಿ ಎರಡು, ಹೀಗೆ ಎಂಟರ ತನಕ. ಆಮೇಲೆ ಉಳಿದ ಕೋಣೆಗಳು. ಎಲ್ಲ ಸುತ್ತಿ, ಟೇಪಿನ ಜೊತೆ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಉಸಿರಿನ ವಾರ್ಡಿನ ಎದುರಿನ ಸ್ಟೋರಿನಲ್ಲಿ ಇರಿಸಿದ. ವಾರ್ಡಿನ ದೊಡ್ಡ ಸಿಸ್ಟರಿಗೂ ಆಯಾಗಳಿಗೂ ಹಾಳೆ ಹೊದಿಸುವುದನ್ನು ಎರಡೆರಡು ಸಲ ಮಾಡಿ ತೋರಿಸಿದ. ಗೋಡೆಯಾಚೆಯ ನೀರಿನ ಮೇಸ್ತ್ರಿಯನ್ನು ಚಹಾ ಕುಡಿಸಿ ಸ್ನೇಹ ಮಾಡಿಕೊಂಡ. "ಸೋರಿದ್ರೆ ನಿಮ್ಮ ಸಾಹೇಬರಿಗೆ ಆಮೇಲೆ ಹೇಳು, ಮೊದ್ಲು ನನಗೆ ಫೋನ್ ಹಾಕು" ಎಂದು ಮಾತು ತೆಗೆದುಕೊಂಡ.

ಇನ್ನು ಆಸ್ಪತ್ರೆಯ ಮ್ಯಾನೇಜರು. ಈ ಮನುಷ್ಯನನ್ನು ವರ್ಣಿಸುವುದು ಹೇಗೆ? ಮೇಲೆ ಥಳುಕು ಒಳಗೆ ಹುಳುಕು ಎಂದು ಹಿರಿಯರು ಇವನನ್ನು ನೋಡದೆಯೇ ಹೇಳಿಬಿಟ್ಟಿದ್ದಾರೆ. ಬೂಟಿನಲ್ಲಿ ಮುಖ ಕಾಣುತ್ತಿತ್ತು, ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ತರಬೇತಿಯ ಮೇಡಂ ಹೋದ ವಾರದಲ್ಲೇ ಅವನು 'ವಿಷಾನಿಲ ತುರ್ತು ಯೋಜನೆ' ಎಂದು ಇಟ್ಟಿಗೆ ದಪ್ಪದ ಫೈಲು ಮಾಡಿಸಿದ. ಐದು ಬಣ್ಣದ ಚೀಟಿ ಅಂಟಿಸಿದ. ಬೀರುವಿನಲ್ಲಿಟ್ಟ. ಅಲ್ಲಿಗೆ ವಿಷಾನಿಲ ಅವನ ಮಟ್ಟಿಗೆ ಮುಗಿಯಿತು.

ಮೂರು ತಿಂಗಳಿಗೊಮ್ಮೆ ಅಣಕು ಕವಾಯತು ಆಗುತ್ತಿತ್ತು. ಉದ್ದಕ್ಕೆ ಗಂಟೆ ಹೊಡೆಯುವುದು, ಎಲ್ಲರೂ ಮೆಟ್ಟಿಲಿಳಿದು ಹೊರಗಿನ ಅಂಗಳಕ್ಕೆ ಬರುವುದು, ಬಾಗಿಲು ಕಾಯುವ ಸೀಟಿ ತಾತ ಸೀಟಿ ಊದಿ ಸಾಲಾಗಿ ನಿಲ್ಲಿಸುವುದು, ಮ್ಯಾನೇಜರು ಮಧ್ಯೆ ನಿಂತು ಫೋಟೋ ತೆಗೆಸಿಕೊಳ್ಳುವುದು. ಅದು ಬೆಂಕಿಯ ಕವಾಯತು. ಒಮ್ಮೆಯಾದರೂ ಗ್ಯಾಸಿನ ಕವಾಯತು ಮಾಡಿ, ಅದಕ್ಕೆ ಬೇರೆ ಥರ ಗಂಟೆ ಇಡಿ ಎಂದು ಟೇಪಣ್ಣ ಕೇಳಿಕೊಂಡು ಹೋದ.

ಮ್ಯಾನೇಜರು ನಕ್ಕ. "ಬಾಗಿಲು ಹಾಕ್ಕೊಂಡು ಒಳಗೆ ಕೂತ್ರೆ ಫೋಟೋದಲ್ಲಿ ಏನ್ರೀ ಕಾಣುತ್ತೆ?"

"ಜೀವ ಕಾಣುತ್ತೆ ಸಾರ್."

"ಎರಡು ಥರ ಗಂಟೆ ಇಟ್ರೆ ಜನ ಗಲಿಬಿಲಿ ಆಗ್ತಾರೆ. ನೀವು ನಿಮ್ಮ ಫ್ಯಾನು ನೋಡ್ಕೊಳ್ಳಿ."

ಹೊರಗೆ ಬಂದು ಟೇಪಣ್ಣ ಕಾರಿಡಾರಿನ ಕಸದ ಡಬ್ಬಿಗೆ ಒದ್ದ. ಆ ತಗ್ಗು ಆ ಡಬ್ಬಿಯಲ್ಲಿ ಇವತ್ತಿಗೂ ಇದೆ.

ಆಮೇಲೆ ತಪಾಸಣೆಯ ದಿನ ಗೊತ್ತಾಯಿತು. ತುರ್ತು ಸಿದ್ಧತೆ ಚೆನ್ನಾಗಿರುವ ಆಸ್ಪತ್ರೆಗಳಿಗೆ ಪ್ರಮಾಣಪತ್ರ ಕೊಡುವ ತಂಡ ಬರುತ್ತದಂತೆ. ಶುರುವಾಯಿತು ನೋಡಿ ಮದುವೆ ಮನೆಯ ಸಡಗರ. ಕುಂಡಗಳು ಬಂದವು. ಗೋಡೆಗೆ ಬಣ್ಣ ಹೊಡೆಯುವವರು ಬಂದರು. ಉಸಿರಿನ ವಾರ್ಡಿನ ಹೊರಗಿನ ಕಾರಿಡಾರಿಗೇ ಬಣ್ಣ! ಉಬ್ಬಸದವರು ಆ ವಾಸನೆಗೆ ಕೆಮ್ಮಿ ಕೆಮ್ಮಿ ನೀಲಿಯಾದರು. ದೊಡ್ಡ ಸಿಸ್ಟರು ಹೋಗಿ ಕೇಳಿದರೆ, "ಎರಡು ದಿನ ಸಹಿಸ್ಕೊಳ್ಳಿ ಸಿಸ್ಟರ್, ಆಸ್ಪತ್ರೆ ಮರ್ಯಾದೆ ಪ್ರಶ್ನೆ" ಎಂಬ ಉತ್ತರ ಬಂತು. ಟೇಪಣ್ಣ ವಾರ್ಡಿನ ಬಾಗಿಲ ಸಂದಿಗೆಲ್ಲ ಟೇಪು ಹಚ್ಚಿ, ಬಣ್ಣದವನಿಗೆ ಎರಡು ಬೈದು, ತನ್ನ ಯಂತ್ರದ ಕೋಣೆಗೆ ಹೋದ. ಬೈದು ಹೋಗುವ ಅವಸರದಲ್ಲಿ ಬಣ್ಣದವನ ಕಾಲ ಕೆಳಗೆ ಏನಿದೆ ಎಂದು ನೋಡಲಿಲ್ಲ. ಆ ಒಂದು ತಪ್ಪಿಗೆ ಅವನು ತನ್ನನ್ನು ತಾನು ಇನ್ನೂ ಬೈದುಕೊಳ್ಳುತ್ತಾನೆ.

ತಪಾಸಣೆಗೆ ಒಂದು ದಿನ ಮುಂಚೆ, ಬೆಳಗ್ಗೆ ಹನ್ನೊಂದು ದಾಟಿದ ಹೊತ್ತಿಗೆ ಫೋನು ಬಂತು. ನೀರಿನ ಮೇಸ್ತ್ರಿ.

"ಟೇಪಣ್ಣ, ಸಿಲಿಂಡರ್ ಬದಲಾಯಿಸ್ತಾ ಇದ್ವಿ, ಬಾಯಿ ಕಿತ್ಕೊಂಡ್ತು. ಗಾಳಿ ನಿಮ್ಮ ಕಡೆಗೇ ಇದೆ. ಹತ್ತು ನಿಮಿಷ ಸಿಗಬಹುದು, ಸಿಗದೇನೂ ಇರಬಹುದು. ಮುಚ್ಚು, ಮುಚ್ಚಿಬಿಡು!"

ಟೇಪಣ್ಣ ನಾಲ್ಕು ಯಂತ್ರಗಳ ಗುಂಡಿ ಒತ್ತಿ ನಿಲ್ಲಿಸಿದ. ಇಪ್ಪತ್ತು ವರ್ಷ ಕೇಳಿಸಿಕೊಂಡೇ ಬಂದ ಗುಯ್ ಸದ್ದು ನಿಂತಾಗ ಕಿವಿ ನೋವಾಯಿತು. ಹೊರಗಾಳಿ ಎಳೆಯುವ ತಗಡಿನ ಬಾಯಿಯ ಚಕ್ರವನ್ನು ಎರಡೂ ಕೈಯಲ್ಲಿ ತಿರುಗಿಸಿ ಮುಚ್ಚಿದ. ಬಚ್ಚಲು, ಅಡುಗೆಮನೆಯ ಫ್ಯಾನುಗಳ ಮುಖ್ಯ ಸ್ವಿಚ್ಚು ಕೆಳಗೆಳೆದ. ಇಷ್ಟಕ್ಕೆ ಎರಡು ನಿಮಿಷ. ಓಡುತ್ತಲೇ ಮ್ಯಾನೇಜರಿಗೆ ಫೋನು ಮಾಡಿ ಹೇಳಿದ. ಮ್ಯಾನೇಜರಿಗೆ ತಿಳಿದಿದ್ದದ್ದು ಒಂದೇ ವಿದ್ಯೆ. ಗಂಟೆ ಹೊಡೆಸಿದ. ಉದ್ದನೆಯ ಗಂಟೆ.

ಗಂಟೆ ಕೇಳಿದ ಕೂಡಲೇ ಜನ ಏನು ಮಾಡಬೇಕು? ಎರಡು ವರ್ಷದಿಂದ ಏನು ಕಲಿಸಿದ್ದರೋ ಅದನ್ನೇ ಮಾಡಿದರು. ಗುಮಾಸ್ತರು, ರೋಗಿಗಳ ಕಡೆಯವರು, ಬ್ಯಾಂಡೇಜು ಕಟ್ಟಿಸಿಕೊಳ್ಳುತ್ತಿದ್ದವರು, ಎಲ್ಲ ಮೆಟ್ಟಿಲಿಳಿದು ಬಾಗಿಲು ಹಾರುಹೊಡೆದು ಅಂಗಳಕ್ಕೆ ಹೋದರು. ಸೀಟಿ ತಾತ ಸೀಟಿ ಊದಿ ಚೆಂದವಾಗಿ ಸಾಲು ಮಾಡಿದ. ವಿಷ ಬರುವ ದಾರಿಯಲ್ಲಿ ಐವತ್ತು ಜನ ಸಾಲಾಗಿ ನಿಂತರು, ಫೋಟೋಗೆ ನಿಂತ ಹಾಗೆ!

ಟೇಪಣ್ಣ ಮುಂಬಾಗಿಲಿಗೆ ಓಡಿದ. "ಒಳಗೆ ಬನ್ರೋ! ಗ್ಯಾಸ್! ಒಳಗೆ!"

"ಗಂಟೆ ಆದ್ರೆ ಹೊರಗೆ ಅಂತ ಆರ್ಡರ್ ಇದೆ ಕಣಪ್ಪ" ಎಂದ ಸೀಟಿ ತಾತ. ಪಾಪ, ಅರವತ್ತೈದರ ಮುದುಕ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು.

"ಆರ್ಡರ್ ಮನೆ ಹಾಳಾಗ! ಅಲ್ಲಿ ನೋಡು ತಾತ!"

ಅಂಗಳದ ಬದಿಯಿಂದ ಕಾಣುವ ಹಿಂದಿನ ಗೋಡೆಯ ಮೇಲಿಂದ ಏನೋ ಹಳದಿ ಹಸಿರಾಗಿ ಇಳಿಯುತ್ತಿತ್ತು. ಹಾಲು ಉಕ್ಕಿ ಪಾತ್ರೆಯ ಅಂಚಿನಿಂದ ಇಳಿಯುವ ಹಾಗೆ, ಅವಸರವಿಲ್ಲದೆ. ತಾತ ನೋಡಿದ. ಸೀಟಿ ಊದಿದ. ಈ ಸಲ ಸಾಲು ಮುರಿದು ಒಳಗೆ ಅಟ್ಟಲು ಊದಿದ. ಜನ ಒಬ್ಬರ ಮೇಲೊಬ್ಬರು ಬಿದ್ದು ಒಳಗೆ ನುಗ್ಗಿದರು. ಟೇಪಣ್ಣ ಅಷ್ಟನ್ನು ನೋಡಿ ಉಸಿರಿನ ವಾರ್ಡಿಗೆ ಓಡಿದ.

ವಾರ್ಡಿನಲ್ಲಿ ದೊಡ್ಡ ಸಿಸ್ಟರು ಒಬ್ಬರೇ ಮೂರಾಳಿನ ಕೆಲಸ ಮಾಡುತ್ತಿದ್ದರು. ನಡೆಯಬಲ್ಲ ಐವರನ್ನು ಆಯಾಳ ಜೊತೆ ಮೇಲಕ್ಕೆ ಕಳಿಸಿಯಾಗಿತ್ತು. ಏಳಲಾರದ ಆರು ಜನ ಉಳಿದಿದ್ದರು, ಅಕ್ಕನೂ ಸೇರಿ. ಕಿಟಕಿ ಎಲ್ಲ ಹಾಕಿದ್ದರು. ಆದರೆ ಆ ಹಳೇ ಕಿಟಕಿಗಳ ಸಂದಿ ಟೇಪಣ್ಣನಿಗೆ ಗೊತ್ತಿಲ್ಲವೇ? ಬೆರಳು ತೂರುವಷ್ಟಿತ್ತು.

"ಹಾಳೆ ತನ್ನಿ ಟೇಪಣ್ಣ, ಬೇಗ!" ಎಂದರು ಸಿಸ್ಟರು.

ಅವನು ಎದುರಿನ ಸ್ಟೋರಿಗೆ ನುಗ್ಗಿ ಪೆಟ್ಟಿಗೆಯ ಮುಚ್ಚಳ ಎತ್ತಿದ.

ಪೆಟ್ಟಿಗೆಯಲ್ಲಿ ಎರಡು ಬಣ್ಣದ ಬ್ರಷ್ಷು, ಒಂದು ಹಳೇ ಟೊಪ್ಪಿ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಹಾಳೆ ಇಲ್ಲ. ಒಂದೂ ಇಲ್ಲ.

ತಿರುಗಿ ನೋಡಿದ. ಕಾರಿಡಾರಿನ ಉದ್ದಕ್ಕೂ, ಬಣ್ಣದವರು ಬಿಟ್ಟು ಓಡಿದ ಏಣಿಯ ಕೆಳಗೆ, ಹೊಸ ಟೈಲ್ಸಿಗೆ ಬಣ್ಣ ಸಿಡಿಯಬಾರದೆಂದು ಹಾಸಿದ್ದರು. ಅವನು ಅಳೆದ, ಕತ್ತರಿಸಿದ ಹಾಳೆಗಳು. ಬೂಟುಗಾಲಲ್ಲಿ ತುಳಿದು, ಏಣಿಯ ಕಾಲು ಚುಚ್ಚಿ, ಹರಿದು, ಬಣ್ಣ ಮೆತ್ತಿ ಹೊಲಸಾಗಿ ಬಿದ್ದಿದ್ದವು. ಒಂದರ ಮೂಲೆಯಲ್ಲಿ ಅವನ ಸೊಟ್ಟ ಅಕ್ಷರ ಇನ್ನೂ ಕಾಣುತ್ತಿತ್ತು: ಉಸಿರು ವಾರ್ಡು ಕಿಟಕಿ ಆರು. ಅಕ್ಕನ ತಲೆಯ ಮೇಲಿನ ಕಿಟಕಿ.

ಆ ಕ್ಷಣ ಅವನ ಹೊಟ್ಟೆಯೊಳಗೆ ಆದದ್ದು ಸಿಟ್ಟಲ್ಲ. ಸಿಟ್ಟು ಅವನಿಗೆ ಹಳೇ ನೆಂಟ, ಬಂದರೆ ಗುರುತು ಹಿಡಿಯುತ್ತಿದ್ದ. ಇದು ವಾಕರಿಕೆ. ಗ್ಯಾಸಿನಿಂದ ಉಳಿಯುವ ಸಿದ್ಧತೆ ನಮ್ಮಲ್ಲಿದೆ ಎಂದು ತೋರಿಸಲು ಗೋಡೆಗೆ ಬಣ್ಣ, ಆ ಬಣ್ಣ ನೆಲಕ್ಕೆ ಬೀಳದಿರಲು ಸಿದ್ಧತೆಯನ್ನೇ ಹಾಸುವುದು! ಯಾರ ತಲೆಯಲ್ಲಿ ಹುಟ್ಟುತ್ತದೆ ಇಂಥ ಬುದ್ಧಿ? ಅದಕ್ಕೂ ಒಂದು ಕುರ್ಚಿ, ಆ ಕುರ್ಚಿಗೊಂದು ಮೆತ್ತೆ.

ವಾಂತಿ ಮಾಡಿಕೊಳ್ಳಲು ಹೊತ್ತಿರಲಿಲ್ಲ. ಹರಿಯದೆ ಉಳಿದ ಎರಡು ಹಾಳೆ ಸಿಕ್ಕವು, ಮೂರು ಮತ್ತು ಆರು. ಹಸಿ ಬಣ್ಣ ಸಮೇತ ಎಳೆದುಕೊಂಡ. "ಸಿಸ್ಟರ್, ಹಾಳೆ ಇಲ್ಲ. ಬೆಡ್‌ಶೀಟು ನೆನೆಸಿ, ಇರೋದೆಲ್ಲಾ ನೆನೆಸಿ! ಡ್ರೆಸಿಂಗ್ ರೂಮಿನ ಅಂಟು ಪಟ್ಟಿ ಎಲ್ಲಾ ತನ್ನಿ!"

ಆರನೇ ಕಿಟಕಿಗೆ ಆರನೇ ಹಾಳೆ. ಮಂಚದ ಮೇಲೇ ಹತ್ತಿ, ಅಕ್ಕನ ಕಾಲ ಆಚೀಚೆ ಕಾಲಿಟ್ಟು, ಸೊಂಟದ ಟೇಪು ಎಳೆದೆಳೆದು ಬಡಿದ. ಬಣ್ಣ ಅವಳ ಹೊದಿಕೆಯ ಮೇಲೆ ತೊಟ್ಟಿಕ್ಕಿತು.

"ಏನೋ ಇದು, ನನಗೂ ಬಣ್ಣ ಹೊಡೀತೀಯಾ?" ಎಂದಳು ಅಕ್ಕ. ಧ್ವನಿ ಗೊರಗೊರ ಅನ್ನುತ್ತಿತ್ತು.

"ಸುಮ್ನಿರೇ ಅಕ್ಕ, ಉಸಿರು ಉಳಿಸ್ಕೋ."

"ಉಳಿಸಿ ಯಾರಿಗೆ ಕೊಡ್ಲಿ? ಆ ಎರಡನೇ ಕಿಟಕಿ ನೋಡು, ಪರದೆ ಅಲ್ಲಾಡ್ತಿದೆ."

ಮುದುಕಿಯ ಕಣ್ಣು! ಎರಡನೇ ಕಿಟಕಿಯ ಪರದೆ ನಿಜಕ್ಕೂ ಅಲ್ಲಾಡುತ್ತಿತ್ತು. ಮೂರನೆಯದಕ್ಕೆ ಅದರ ಹಾಳೆ ಬಡಿದು, ಉಳಿದ ಆರು ಕಿಟಕಿಗೆ ನೀರು ಸೋರುವ ಬೆಡ್‌ಶೀಟು ಮಡಿಸಿ ಒತ್ತಿ, ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿ ಸುತ್ತ ಬಡಿದರು. ಒದ್ದೆ ಬಟ್ಟೆಗೆ ಪಟ್ಟಿ ಸರಿಯಾಗಿ ಹಿಡಿಯುವುದಿಲ್ಲ; ಮೂರು ಕಡೆ ಹೇಗೋ ನಿಂತಿತು, ಮೂರು ಕಡೆ ಕಿತ್ತುಕೊಂಡು ಬಂತು. ಸಿಸ್ಟರು ಪಕ್ಕಪಕ್ಕದ ಎರಡು ಕಿಟಕಿಯ ಬಟ್ಟೆಯನ್ನು ಒಂದೊಂದು ಕೈಯಲ್ಲಿ ಒತ್ತಿ ಹಿಡಿದು ನಿಂತರು. ಟೇಪಣ್ಣ ಬಾಗಿಲ ಕೆಳಗೆ ಟವೆಲು ತುರುಕಿ, ಇನ್ನೊಂದು ಕಿಟಕಿಗೆ ತಾನು ಬೆನ್ನು ಕೊಟ್ಟ. ಹೊರಗೆ ಗಾಜಿನ ಮೇಲೆ ಹಳದಿ ಬೆಳಕು ಬಿತ್ತು, ಯಾರೋ ಕೊಳಕು ಗಾಜಿನ ದೀಪ ಹಿಡಿದ ಹಾಗೆ.

ಒಳಗೆ ವಾಸನೆ ಬಂತು. ಬಚ್ಚಲು ತೊಳೆಯುವ ಪುಡಿಯ ವಾಸನೆಯನ್ನು ನೂರು ಪಟ್ಟು ಮಾಡಿ ಮೂಗಿಗೆ ಚುಚ್ಚಿದ ಹಾಗೆ. ಕಣ್ಣು ಉರಿಯಿತು. ಮೂರನೇ ಮಂಚದವನು ಕೆಮ್ಮಲು ಶುರು ಮಾಡಿದ, ಆಮೇಲೆ ಎಲ್ಲರೂ. ಅಕ್ಕ ಕೆಮ್ಮಲಿಲ್ಲ. ಕೆಮ್ಮಲು ಬೇಕಾದಷ್ಟು ಗಾಳಿಯೂ ಅವಳಲ್ಲಿರಲಿಲ್ಲ. ತಮ್ಮನ ಮುಖವನ್ನೇ ನೋಡುತ್ತ, ಬೆರಳಿನಿಂದ ಮಂಚದ ಕಬ್ಬಿಣಕ್ಕೆ ಟಕ್, ಟಕ್ ಎಂದು ಬಡಿಯುತ್ತಿದ್ದಳು. ಇದ್ದೀನಿ, ಇದ್ದೀನಿ ಎಂದು ಹೇಳುವ ಹಾಗೆ. ಟೇಪಣ್ಣ ಬೆನ್ನು ತೆಗೆಯಲಾರ, ಅವಳ ಹತ್ತಿರ ಹೋಗಲಾರ. ಟಕ್ ಎಣಿಸುತ್ತ ನಿಂತ. ಒಮ್ಮೆ ಟಕ್ ಬರುವುದು ತಡವಾಯಿತು. ಆಮೇಲೆ ಬಂತು.

ನಲವತ್ತು ನಿಮಿಷ. ನೀರಿನ ಮೇಸ್ತ್ರಿಯ ಜನ ಮುಖವಾಡ ಹಾಕಿಕೊಂಡು ಸಿಲಿಂಡರಿನ ಬಾಯಿಗೆ ಮುಚ್ಚಳ ಬಿಗಿದರು, ಗಾಳಿ ಚದುರಿಸಿತು, ಫೋನು ಬಂತು. ಟೇಪಣ್ಣ ಹಚ್ಚಿದ್ದನ್ನೆಲ್ಲ ತಾನೇ ಕಿತ್ತು, ಎಂಟೂ ಕಿಟಕಿ ತೆರೆದು, ಯಂತ್ರಗಳನ್ನು ಪೂರ್ತಿ ವೇಗದಲ್ಲಿ ಬಿಟ್ಟ. ಆರು ಜನರೂ ಇದ್ದರು. ಅಕ್ಕನ ತುಟಿ ನೀಲಿಯಾಗಿತ್ತು, ಡಾಕ್ಟರು ಬಂದು ಮುಖಕ್ಕೆ ದೊಡ್ಡ ಮಾಸ್ಕು ಹಾಕಿದರು. ಸಂಜೆಯ ಹೊತ್ತಿಗೆ ಕಣ್ಣು ತೆರೆದು, "ಇವತ್ತು ಎಷ್ಟು ತೂತು?" ಎಂದಳು. ಟೇಪಣ್ಣ ಕಾರಿಡಾರಿಗೆ ಹೋಗಿ, ಗೋಡೆಯ ಹಸಿ ಬಣ್ಣಕ್ಕೆ ಹಣೆಯಿಟ್ಟು ಅತ್ತ.

ಸೀಟಿ ತಾತ ಅಷ್ಟು ಅದೃಷ್ಟವಂತನಲ್ಲ. ಎಲ್ಲರನ್ನೂ ಒಳಗೆ ಅಟ್ಟಿದ ಮೇಲೆ, ಅಂಗಳದ ಬೆಂಚಿನ ಮೇಲೆ ಕಾಲಿಗೆ ಕಟ್ಟು ಹಾಕಿಸಿಕೊಂಡ ಹೆಂಗಸೊಬ್ಬಳು ಏಳಲಾರದೆ ಕೂತಿರುವುದು ಕಂಡು ಮತ್ತೆ ಹೊರಗೆ ಹೋಗಿದ್ದ. ಅವಳನ್ನು ತಂದ. ತಂದು ಬಾಗಿಲಲ್ಲೇ ಬಿದ್ದ. ಈಗ ಅವನೂ ಉಸಿರಿನ ವಾರ್ಡಿನಲ್ಲಿ, ಏಳನೇ ಮಂಚ. ಜೀವಕ್ಕೆ ಭಯವಿಲ್ಲ. ಒಂದು ಸಲ ಸೀಟಿ ಬಾಯಿಗಿಟ್ಟು ನೋಡಿದ. ಬರೀ ಬಿಸಿ ಗಾಳಿ ಬಂತು, ಸದ್ದು ಬರಲಿಲ್ಲ. ಸೀಟಿಯನ್ನು ಒರೆಸಿ ದಿಂಬಿನ ಕೆಳಗಿಟ್ಟುಕೊಂಡ.

ತಪಾಸಣೆ ಒಂದು ವಾರ ಮುಂದೆ ಹೋಯಿತು, ಅಷ್ಟೇ. ನಿಲ್ಲಲಿಲ್ಲ. ಮ್ಯಾನೇಜರಿಗೆ ಅದು ಕೊಬ್ಬರಿಯ ಮೇಲೆ ಬೆಲ್ಲವಾಯಿತು: ನಿಜವಾದ ಸೋರಿಕೆ, ಒಬ್ಬರೂ ಸಾಯಲಿಲ್ಲ! ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ತಂಡ ಬಂದು ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುತ್ತಿರುವಾಗ ಟೇಪಣ್ಣನನ್ನು ಕರೆಸಿದ. ಮೇಜಿನ ಮೇಲೆ ಒಂದು ಕಾಗದ.

"ವರದಿ. ಕೆಳಗೆ ನಿಮ್ಮದೊಂದು ಸಹಿ. ಹಾಳೆ ಕಟ್ ಮಾಡಿ ಇಟ್ಟಿದ್ದೋರು ನೀವು ತಾನೇ, ನಿಮ್ಮ ಹೆಸರೇ ಮೇಲೆ ಬರುತ್ತೆ."

ಟೇಪಣ್ಣ ಬೆರಳಿಟ್ಟು ನಿಧಾನವಾಗಿ ಓದಿದ. ಸಿಬ್ಬಂದಿ ಯೋಜನೆಯಂತೆ ನಡೆದುಕೊಂಡರು, ಅಳತೆಗೆ ಕತ್ತರಿಸಿದ ಹಾಳೆಗಳನ್ನು ಆರು ನಿಮಿಷದಲ್ಲಿ ಎಲ್ಲ ಕಿಟಕಿಗೂ ಹೊದಿಸಲಾಯಿತು, ಎಂದಿತ್ತು. ಪೆನ್ನು ತೆಗೆದುಕೊಂಡ. ಮ್ಯಾನೇಜರು ಹಲ್ಲು ಬಿಟ್ಟ. ಟೇಪಣ್ಣ ಕೆಳಗೆ ಬರೆದ: ಹಾಳೆ ಇರಲಿಲ್ಲ. ಬಣ್ಣದವರ ಕಾಲ ಕೆಳಗೆ ಹಾಸಿದ್ದರು. ಗಂಟೆ ಹೊಡೆದು ಜನರನ್ನು ಹೊರಗೆ ಕಳಿಸಿದರು. ಆಮೇಲೆ ಸಹಿ ಹಾಕಿದ.

ಮ್ಯಾನೇಜರ ಮುಖ ಬಿಳಿಚಿತು. "ಏನ್ರೀ, ತಲೆ ಕೆಟ್ಟಿದೆಯಾ? ಪೇಪರ್ ಹಾಳು ಮಾಡಿದ್ರಲ್ಲ!" ಇನ್ನೊಂದು ಪ್ರತಿ ತೆಗೆಸಿದ. ಟೇಪಣ್ಣ ಅದರ ಮೇಲೂ ಅದನ್ನೇ ಬರೆದ. ಮೂರನೆಯದು ಬಂತು.

"ನೋಡಿ, ನಾನು ಒಳ್ಳೇ ಮಾತಲ್ಲಿ ಹೇಳ್ತಿದ್ದೀನಿ. ಈ ಆಸ್ಪತ್ರೆ ನಿಮಗೆ ಅನ್ನ ಕೊಟ್ಟಿದೆ."

"ಅನ್ನ ಕೊಟ್ಟಿದ್ದು ಹತ್ತಿ ಗಿರಣಿ ಸಾರ್. ಈ ಆಸ್ಪತ್ರೆ ನನಗೆ ವಾಂತಿ ಕೊಟ್ಟಿದೆ." ಮೂರನೆಯದರ ಮೇಲೂ ಬರೆದ. ಕೈ ಪಳಗಿದ್ದರಿಂದ ಈ ಸಲ ಅಕ್ಷರ ಸ್ವಲ್ಪ ನೆಟ್ಟಗೆ ಬಂದಿತ್ತು. ಮೂರೂ ಕಾಗದ ಮಡಿಸಿ ತನ್ನ ಜೇಬಿಗೆ ಹಾಕಿಕೊಂಡು ಎದ್ದ. ಪಕ್ಕದ ಕೋಣೆಯ ಬಾಗಿಲು ತಳ್ಳಿ, ಚಹಾ ಕುಡಿಯುತ್ತಿದ್ದ ತಂಡದ ಹಿರಿಯನ ಮುಂದೆ ಒಂದನ್ನು ಇಟ್ಟ. ಆ ಹಿರಿಯ ಕನ್ನಡಕ ಏರಿಸಿ ಓದಿದ, ಗಡಿಯಾರ ನೋಡಿದ, "ಇದನ್ನ ಗಮನಕ್ಕೆ ತಗೊಳ್ತೀವಿ" ಎಂದು ಕಾಗದದ ಮೇಲೆ ಬಿಸ್ಕತ್ತಿನ ತಟ್ಟೆ ಇಟ್ಟ.

ವರದಿಗೆ ಕೊನೆಗೆ ಸ್ಟೋರಿನವನು ಸಹಿ ಹಾಕಿದ. ಹಾಳೆ ತೆಗೆದು ಬಣ್ಣದವರಿಗೆ ಕೊಟ್ಟವನೇ ಅವನು! ಪ್ರಮಾಣಪತ್ರ ಬಂತು. ಗಾಜಿನ ಚೌಕಟ್ಟು ಹಾಕಿಸಿ, ಹೊಸ ಬಣ್ಣದ ಗೋಡೆಗೆ, ಮುಂಬಾಗಿಲ ಎದುರಿಗೇ ತೂಗುಹಾಕಿದರು. ಥೂ! ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ಗಾದೆ ಇದೆ. ಇವರು ಬಾಗಿಲನ್ನೂ ಹಾಕಲಿಲ್ಲ, ಬಾಗಿಲಿನ ಪಟ ಬರೆಸಿ ತೂಗುಹಾಕಿದರು.

ಮರುದಿನವೇ ಟೇಪಣ್ಣನಿಗೆ ಬಟ್ಟೆ ಒಗೆಯುವ ವಿಭಾಗಕ್ಕೆ ವರ್ಗ. ಗಾಳಿ ಯಂತ್ರದ ಕೋಣೆಯ ಬೀಗದ ಕೈ ಒಪ್ಪಿಸಲು ಸಂಜೆಯ ತನಕ ಹೊತ್ತು ಕೊಟ್ಟಿದ್ದರು. ಆ ಹೊತ್ತಿನಲ್ಲಿ ಅವನು ಬೇರೇನೂ ಮಾಡಲಿಲ್ಲ. ಹೊಸ ಪ್ಲಾಸ್ಟಿಕ್ಕು ತಂದು ಎಂಟು ಹಾಳೆ ಕತ್ತರಿಸಿದ. ಈ ಸಲ ಪೆಟ್ಟಿಗೆಯ ಗೊಡವೆಗೆ ಹೋಗಲಿಲ್ಲ. ಪ್ರತಿ ಕಿಟಕಿಯ ಮೇಲ್ಚೌಕಟ್ಟಿಗೆ ಅದರದೇ ಹಾಳೆಯನ್ನು ಪರದೆಯ ಹಾಗೆ ಸುರುಳಿ ಸುತ್ತಿ ಮೊಳೆ ಹೊಡೆದ, ಒಂದೊಂದಕ್ಕೆ ಹನ್ನೆರಡು ಮೊಳೆ. ಪಕ್ಕದಲ್ಲಿ ಟೇಪಿನ ಸುರುಳಿ ದಾರ ಕಟ್ಟಿ ನೇತುಹಾಕಿದ. ಸೊಂಟದ್ದನ್ನೂ ಬಿಚ್ಚಿ ಆರನೇ ಕಿಟಕಿಗೆ ಕಟ್ಟಿದ. ಎಳೆದರೆ ಹಾಳೆ ಇಳಿಯಬೇಕು, ಮಲಗಿದವರ ಕೈಗೂ ಸಿಗಬೇಕು.

"ಅಂತೂ ಅಗಸನಾದೆ" ಎಂದಳು ಅಕ್ಕ. ಏಳನೇ ಮಂಚದಲ್ಲಿ ಸೀಟಿ ತಾತ ಸದ್ದಿಲ್ಲದೆ ನಕ್ಕ.

"ಆದೆ. ಇವರ ಬಟ್ಟೆ ಒಗೀಬಹುದು. ಒಳಗಿನ ಕೊಳೆ ಒಗೆಯೋಕಾಗಲ್ಲ."

"ಅವರ ಕಾಗದದಲ್ಲಿ ನಿನ್ನ ಸಹಿ ಇಲ್ಲ ತಾನೇ?"

"ಇಲ್ಲ."

"ಹಾಗಾದ್ರೆ ಹೋಗಿ ಊಟ ಮಾಡು." ಅಕ್ಕ ಮೇಲೆ ಕಣ್ಣೆತ್ತಿ, ತಲೆಯ ಮೇಲಿನ ಸುರುಳಿಯನ್ನು ಒಮ್ಮೆ ನೋಡಿ, ಉಸಿರು ಎಳೆದುಕೊಂಡಳು. "ಇದನ್ನ ಕೇಳ್ಕೊಂಡು ಇನ್ನೊಂದು ಸಲ ಆ ಬಣ್ಣದವನು ಬರ್ಲಿ. ಕಚ್ಚಿಬಿಡ್ತೀನಿ. ಎರಡು ಹಲ್ಲು ಇನ್ನೂ ಇದೆ."